ಲೋರ್‌ಮನ್ ಕಂಪನಿಯ ಮರ್ಯಾದೆ

ಜೈಲಿನ ಗೇಟಿನಿಂದ ಹೊರಗೆ ಬಂದ ಎಗೋನ್ ಶಾಯ್ಫೆಲೆ ಹೆಂಡತಿಯ ಮುಖ ನೋಡಲಿಲ್ಲ. ಮೊದಲು ಕಾರು ನೋಡಿದ.

"ಇದರಲ್ಲಾ?" ಅಂದ.

ರೋಸ್ವಿತಾ ಬೆಳಗಿನಿಂದ ಮನಸ್ಸಿನಲ್ಲೇ ಏನೇನೋ ಅಂದುಕೊಂಡು ಬಂದಿದ್ದಳು. ಓಡಿಹೋಗಿ ಅಪ್ಪಿಕೊಳ್ಳಬೇಕೋ, ಅವನೇ ಬರಲಿ ಅಂತ ನಿಲ್ಲಬೇಕೋ, ಅಳು ಬಂದರೆ ಏನು ಮಾಡಬೇಕೋ ಅಂತ. ಯಾವುದೂ ಬೇಕಾಗಲಿಲ್ಲ.

"ಹೂಂ, ಇದರಲ್ಲೇ. ಕೊರಿಯಾದ್ದು. ನಾಲ್ಕು ಚಕ್ರ ಇದೆ, ಓಡುತ್ತೆ."

"ಊರೊಳಕ್ಕೆ ಇದರಲ್ಲಿ ಹೋಗೋದಾ?"

"ಬೇಡ ಅಂದ್ರೆ ನಡ್ಕೊಂಡು ಬಾ."

ನಡೆದುಕೊಂಡೇ ಬಂದ ಮಹಾರಾಯ. ಅವರ ಊರು ವೈಲರ್‌ಬ್ರುಕ್ ಇನ್ನೂ ದೂರದಲ್ಲಿ ಕಾಣುತ್ತಿರುವಾಗಲೇ ಕಾರು ನಿಲ್ಲಿಸು ಅಂದು, ಚೀಲ ಹೆಗಲಿಗೆ ಹಾಕಿ, ದ್ರಾಕ್ಷಿ ತೋಟಗಳ ನಡುವಿನ ಕಾಲುದಾರಿ ಹಿಡಿದ. ಜೈಲಿನಿಂದ ಬಂದವನು ಅಂತ ನಾಲ್ಕು ಜನ ನೋಡಿದರೆ ಅವನಿಗೆ ಅಡ್ಡಿಯಿರಲಿಲ್ಲ. ಬೇರೆ ಕಂಪನಿಯ ಕಾರಿನಿಂದ ಇಳಿದ ಅಂತ ಯಾರೂ ನೋಡಬಾರದು, ಅಷ್ಟೇ.

ಈ ಊರಿನ ಬುದ್ಧಿಯೇ ಹಾಗೆ. ಇಲ್ಲಿ ಹುಟ್ಟಿದವರಿಗೆ ಲೋರ್‌ಮನ್ ಅಂದರೆ ಕಾರಲ್ಲ, ಕುಲ. ಊರಿನ ಲೋರ್‌ಮನ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ವರ್ಷಕ್ಕೊಂದು ಹೊಸ ಕಾರು ರಿಯಾಯಿತಿಯಲ್ಲಿ ಕೊಂಡು, ವರ್ಷ ತುಂಬಿದ ಕೂಡಲೇ ಹೊರಗಿನವರಿಗೆ ಮಾರಿ, ಮತ್ತೆ ಹೊಸದು ತರುತ್ತಾರೆ. ಅದಕ್ಕೆ 'ವರ್ಷದ ಕಾರು' ಅಂತಲೇ ಹೆಸರು. ಬೇರೆ ಕಂಪನಿಯ ಕಾರಿನಲ್ಲಿ ಕೆಲಸಕ್ಕೆ ಬರುವ ಪಾಪಿಗಳು ಬೇಲಿಯಾಚೆ, ರೈಲು ಹಳಿಯ ಪಕ್ಕದ ಕೆಸರಿನಲ್ಲಿ ನಿಲ್ಲಿಸಿ ಒಳಗೆ ಬರಬೇಕು. ಎಗೋನ್ ಜೈಲಿಗೆ ಹೋದ ವಾರವೇ ರೋಸ್ವಿತಾ ಮನೆಯ ಲೋರ್‌ಮನ್ ಮಾರಿ ಈ ಪುಟ್ಟ ಕೆಂಪು ಕಾರು ತಂದಿದ್ದಳು. ಬೇಕೆಂದೇ ತಂದಿದ್ದಳು. ಭಾನುವಾರ ಚರ್ಚಿಗೆ ಹೋಗುವಾಗ ಕಾರ್ಖಾನೆಯ ಗೇಟಿನ ಮುಂದೆ ಇನ್ನಷ್ಟು ನಿಧಾನವಾಗಿ ಓಡಿಸುತ್ತಿದ್ದಳು. ಮೋಸಗಾರನ ಹೆಂಡತಿ ಅನ್ನುವುದನ್ನು ಊರು ಹೇಗೋ ಸಹಿಸಿಕೊಳ್ಳುತ್ತಿತ್ತೇನೋ, ಇದನ್ನು ಸಹಿಸಲಿಲ್ಲ. ಪಕ್ಕದ ಮನೆಯವರು ಕಣ್ಣು ತಪ್ಪಿಸಿದರು. ಮಾಂಸದಂಗಡಿಯ ಗೆರ್ಲಿಂಡೆ, ಒಂದೇ ಬೆಂಚಿನಲ್ಲಿ ಕೂತು ಓದಿದವಳು, "ಏನು ಬೇಕಿತ್ತು ತಮಗೆ?" ಅಂತ ಬಹುವಚನ ಶುರು ಮಾಡಿದಳು.

ಇಷ್ಟಕ್ಕೂ ಈ ಲೋರ್‌ಮನ್ ಏನು ಅಂಥ ದೇವರು ಅಂದರೆ, ಊರವರು ಒಂದು ಸ್ತೋತ್ರ ಹೇಳುತ್ತಾರೆ. ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಗೋಟ್‌ಲೋಬ್ ಲೋರ್‌ಮನ್ ಹೆಂಡತಿಯ ಹೊಲಿಗೆ ಯಂತ್ರ ಬಿಚ್ಚಿ ಮೊದಲ ಎಂಜಿನ್ ಕಟ್ಟಿದ್ದು. ಆ ಎಂಜಿನ್ ಹಿಮದಲ್ಲಿ ಗುಡ್ಡ ಹತ್ತಿದ್ದು. ಮೂರು ತಲೆಮಾರು ಓಡಿಸಿದರೂ ಮುಲುಗದ ಗಾಡಿ, ಬಾಗಿಲು ಹಾಕಿದರೆ ಹಣ್ಣಾದ ಕಲ್ಲಂಗಡಿ ತಟ್ಟಿದಂಥ ಸದ್ದು. ಜರ್ಮನಿಯ ಪ್ರಾಮಾಣಿಕತೆಗೆ ಚಕ್ರ ಬಂದರೆ ಹೀಗಿರುತ್ತೆ ಅಂತ ಜಾಹೀರಾತಿನಲ್ಲೇ ಬರೆದುಕೊಂಡಿದ್ದರು. ಕಂಪನಿಯ ಮ್ಯೂಸಿಯಂನಲ್ಲಿ ಗೋಡೆಯುದ್ದಕ್ಕೂ ವರ್ಷವರ್ಷದ ಫೋಟೋಗಳಿವೆ. ಮೂವತ್ತೆಂಟನೇ ಇಸವಿಗೆ ಬಂದ ಕೂಡಲೇ ಗೋಡೆ ಮುಗಿದು ದೊಡ್ಡದೊಂದು ಕಿಟಕಿ ಬರುತ್ತದೆ. ಕಿಟಕಿಯಾಚೆ ನಲವತ್ತೆಂಟು. ನಡುವೆ, ಯುದ್ಧದ ವರ್ಷಗಳಲ್ಲಿ, ಆ ಕಾರ್ಖಾನೆಯಲ್ಲಿ ಏನು ತಯಾರಾಯಿತು, ಮಾಡಿದವರನ್ನು ಎಲ್ಲಿಂದ ಹಿಡಿದು ತಂದಿದ್ದರು, ಅವರಲ್ಲಿ ಎಷ್ಟು ಜನ ಮನೆ ಸೇರಿದರು ಅಂತ ಕೇಳಿದರೆ, ಇಲ್ಲಿಂದ ನದಿ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ ಅನ್ನುತ್ತಾರೆ. ಬೇಡದ್ದನ್ನು ಬಿಟ್ಟು ಹೇಳುವ ಕಲೆ ಈ ಕಂಪನಿಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಎಗೋನ್ ಅಲ್ಲಿ ಎಂಜಿನ್ ವಿಭಾಗದಲ್ಲಿದ್ದ. ಡೀಸೆಲ್ ಕಾರಿನ ಹೊಗೆ ಹಿಡಿತದಲ್ಲಿಡುವ ಸಾಫ್ಟ್‌ವೇರ್ ಅವನ ಕೈಯಲ್ಲಿತ್ತು. ಸರ್ಕಾರದವರು ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಹೊಗೆ ಅಳೆಯುವಾಗ ಕಾರಿಗೆ ಅದು ಗೊತ್ತಾಗಿ ಸಾಧು ಹಸುವಿನಂತೆ ಉಸಿರಾಡುತ್ತಿತ್ತು. ರಸ್ತೆಗಿಳಿದ ಕೂಡಲೇ ಹಳೇ ಚಾಳಿ, ಬೇಕಾದಷ್ಟು ವಿಷ. ಒಂದು ದಿನ ಯಾರೋ ಕಾರಿನ ಹಿಂದೆ ಅಳತೆ ಯಂತ್ರ ಕಟ್ಟಿಕೊಂಡು ರಸ್ತೆಯಲ್ಲೇ ಓಡಿಸಿ ನೋಡಿದರು. ಬಣ್ಣ ಬಯಲಾಯಿತು. ಆಮೇಲೆ ಕಂಪನಿ ದಂಡ ಕಟ್ಟಿತು, ಪತ್ರಿಕೆಗಳಲ್ಲಿ ವಿಷಾದ ಸೂಚಿಸಿತು, ಮತ್ತು ಈ ದುಷ್ಕೃತ್ಯ ಒಬ್ಬ ನೌಕರ ತನ್ನಷ್ಟಕ್ಕೆ ತಾನೇ ಮಾಡಿದ್ದು ಅಂತ ಕೈ ತೊಳೆದುಕೊಂಡಿತು.

ತನ್ನಷ್ಟಕ್ಕೆ ತಾನೇ. ಈ ಮಾತು ಕೇಳಿದಾಗಲೆಲ್ಲ ರೋಸ್ವಿತಾಳ ಮೈ ಉರಿದುಹೋಗುತ್ತಿತ್ತು. ಯಾಕೆಂದರೆ ಅಪ್ಪಣೆ ಆದದ್ದು ಅವಳ ಅಡುಗೆಮನೆಯಲ್ಲಿ. ಒಂದು ಶನಿವಾರ ಮಧ್ಯಾಹ್ನ ವಿಭಾಗದ ಮುಖ್ಯಸ್ಥ ಹೆನ್ನಿಂಗ್ ತಾನಾಗಿಯೇ ಮನೆಗೆ ಬಂದಿದ್ದ. ಯಂತ್ರಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವನು, ಊರಿಗೆಲ್ಲ 'ಡಾಕ್ಟರ್ ಹೆನ್ನಿಂಗ್'. ಅಂಥವನು ಬಂದನಲ್ಲ ಅಂತ ಅವಳು ತಡಬಡಿಸಿ, ಮನೆಯವರಿಗೆ ಮಾಡಿದ್ದ ಬೇಳೆ ಸಾರು, ಶೇವಿಗೆ, ಸಾಸೇಜನ್ನೇ ಬಡಿಸಿದಳು. ಅವನು ಎರಡನೇ ಸಲ ಹಾಕಿಸಿಕೊಂಡ. ತಿನ್ನುತ್ತಲೇ ಎಗೋನ್‌ಗೆ ಹೇಳಿದ:

"ಪರೀಕ್ಷೆಯಲ್ಲಿ ಪಾಸಾಗ್ಬೇಕು ಎಗೋನ್. ರಸ್ತೇಲಿ ಏನಾಗುತ್ತೆ ಅನ್ನೋದು ನಮಗೆ ಬೇಡ. ಹೇಗೆ ಮಾಡ್ತೀಯ ಅಂತ ನನಗೆ ಹೇಳ್ಬೇಡ. ಮಾಡ್ಲಿಲ್ಲ ಅಂದ್ರೆ ಮಾಡೋ ಇನ್ನೊಬ್ಬ ಸಿಗ್ತಾನೆ." ಆಮೇಲೆ ಅವಳ ಕಡೆ ತಿರುಗಿ, "ಸಾರು ಬಹಳ ಚೆನ್ನಾಗಿದೆ, ಫ್ರಾವ್ ಶಾಯ್ಫೆಲೆ" ಅಂದ.

ಕೋರ್ಟಿನಲ್ಲಿ ಇದೊಂದೂ ಬರಲಿಲ್ಲ. ಎಗೋನ್‌ಗೆ ವಕೀಲನನ್ನು ಕೊಟ್ಟದ್ದೂ ಕಂಪನಿಯೇ. ಹೆಂಡತಿಯ ಮಾತನ್ನು ಯಾವ ನ್ಯಾಯಾಧೀಶ ನಂಬ್ತಾನೆ, ಸುಮ್ಮನಿದ್ದರೆ ಶಿಕ್ಷೆ ಕಡಿಮೆ ಆಗುತ್ತೆ ಅಂತ ಆ ವಕೀಲ ಹೇಳಿದ. ಎಗೋನ್ ಹೂಂ ಅಂದ. ಅವಳು ಜೈಲಿಗೆ ನೋಡಲು ಹೋದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು, ಯಾವಾಗ ಹೇಳ್ತೀಯ ಅಂತ. ಕೊನೆಗೊಂದು ಸಲ ಅವನು ಅವಳ ಕೈ ಹಿಡಿದು ಮಾತು ಕೊಟ್ಟ.

"ಹೊರಗೆ ಬಂದ ಮೇಲೆ ಹೇಳ್ತೀನಿ ರೋಸಿ. ಎಲ್ಲರ ಮುಂದೆ, ಅವನ ಹೆಸರು ಹಿಡಿದು ಹೇಳ್ತೀನಿ. ನಿನ್ನಾಣೆ."

ಆ ಒಂದು ಮಾತಿನ ಮೇಲೆ ಅವಳು ಇಷ್ಟು ವರ್ಷ ಬದುಕಿದ್ದಳು. ಅವಳಿಗೆ ಪರಿಹಾರ ಬೇಕಿರಲಿಲ್ಲ, ಹೆನ್ನಿಂಗ್ ಜೈಲಿಗೆ ಹೋಗಬೇಕು ಅಂತಲೂ ಇರಲಿಲ್ಲ. ನಡೆದದ್ದು ನಡೆದ ಹಾಗೆ ಒಮ್ಮೆ ಈ ಊರಿನ ಕಿವಿಗೆ ಬೀಳಬೇಕು, ಅಷ್ಟು ಸಾಕಿತ್ತು.

ಬಂದವನು ಹೇಳಲಿಲ್ಲ. ಬೆಳಗ್ಗೆ ಎದ್ದು ಕಿಟಕಿಯ ಹತ್ತಿರ ಕೂರುತ್ತಿದ್ದ. ಪಾಳಿ ಬಿಟ್ಟು ಹೋಗುವ ಲೋರ್‌ಮನ್‌ಗಳನ್ನು ನೋಡುತ್ತಾ, "ಹಿಂದಿನ ದೀಪ ಬದಲಾಯಿಸಿದ್ದಾರೆ, ಥೂ, ಹಳೇದೇ ಚೆನ್ನಾಗಿತ್ತು" ಅಂತ ತನ್ನಷ್ಟಕ್ಕೆ ಗೊಣಗುತ್ತಿದ್ದ. ಗುರುವಾರ ಸಂಜೆ ಬಂದರಂತೂ ನಿಂತಲ್ಲಿ ನಿಲ್ಲಲಾರ. 'ಹಿರ್ಶ್' ಪಾನಗೃಹದ ಮೂಲೆಯ ಮೇಜಿನಲ್ಲಿ ಎಂಜಿನ್ ವಿಭಾಗದವರು ಗುರುವಾರ ಗುರುವಾರ ಸೇರುವುದು ಅವನಪ್ಪನ ಕಾಲದ ಪದ್ಧತಿ. ಆ ಮೇಜಿಗೆ ಹೊರಗಿನವರು ಕೂರುವಂತಿಲ್ಲ, ಒಬ್ಬೊಬ್ಬರಿಗೂ ತಮ್ಮ ತಮ್ಮ ಕುರ್ಚಿ. ಕರೆಯದೆ ಹೋಗುವ ಹಾಗೂ ಇಲ್ಲ. ಅವನನ್ನು ಯಾರೂ ಕರೆಯಲಿಲ್ಲ.

ಕಂಪನಿಗೆ ನೂರು ತುಂಬುವ ಹಬ್ಬ ಹತ್ತಿರ ಬಂದಾಗ ಕುರ್ಟ್ ಬೋಪ್ ಮನೆಗೆ ಬಂದ. ಆ ಮೇಜಿನವನೇ, ಎಗೋನ್‌ನ ಹಳೇ ಜೊತೆಗಾರ. ಬಂದವನು ಬಾಗಿಲಲ್ಲಿ ನಿಂತು ಅಂಗಳದ ಕೆಂಪು ಕಾರನ್ನು ನೋಡಿದ.

"ಇದೇನ್ ಮಾರಾಯ, ತರಕಾರಿ ತರೋ ಬುಟ್ಟೀನಾ?"

"ಅದು ಅವಳದು" ಅಂದ ಎಗೋನ್, ಗಡಿಬಿಡಿಯಲ್ಲಿ. "ನಾನು ಕೂತಿದ್ದು ಒಂದೇ ಸಲ."

"ಪೂರ್ತಿ ದಾರಿಗೂ ಕೂರ್ಲಿಲ್ಲ" ಅಂದಳು ರೋಸ್ವಿತಾ.

ಗಂಡಸರಿಬ್ಬರೂ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದ ಎಗೋನ್‌ನ ಕೆನ್ನೆ ಕೆಂಪಾಗಿತ್ತು.

"ಹಬ್ಬಕ್ಕೆ ಕರೆದಿದ್ದಾರೆ ರೋಸಿ. ವೇದಿಕೆ ಮೇಲೆ ನಾಲ್ಕು ಮಾತಾಡು ಅಂದಿದ್ದಾರೆ."

"ಏನಂತ?"

"ನಡೆದದ್ದರ ಬಗ್ಗೆ. ಎಲ್ಲರ ಮುಂದೆ ಮುಗಿದುಹೋಗ್ಲಿ ಅಂತ."

ಅವಳು ಇನ್ನೇನೂ ಕೇಳಲಿಲ್ಲ. ಕೇಳಬೇಕಿತ್ತು. ಆದರೆ ಅಷ್ಟು ಕಾಲ ಕಾದ ಮೇಲೆ ಮನುಷ್ಯರಿಗೆ ಬೇಕಾದದ್ದೇ ಕಿವಿಗೆ ಕೇಳಿಸುತ್ತದೆ. ಅವನ ಬಿಳಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದಳು. ಕೂದಲು ಕತ್ತರಿಸಿಕೊಂಡು ಬಂದಳು. ಹಬ್ಬದ ದಿನ ಅವನು ಕನ್ನಡಿ ಮುಂದೆ ತುಟಿಯಾಡಿಸುತ್ತಾ ಮಾತು ಬಾಯಿಪಾಠ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿ, ಅವಳಿಗೆ ಮದುವೆಯಾದ ಹೊಸತರಲ್ಲಿ ಇದ್ದಷ್ಟು ಪ್ರೀತಿ ಅವನ ಮೇಲೆ ಬಂತು. ಹೆದರಿದ್ದಾನೆ, ಆದರೂ ಹೇಳ್ತಾನೆ ಅಂದುಕೊಂಡಳು.

ಕಾರ್ಖಾನೆಯ ದೊಡ್ಡ ಅಂಗಣದಲ್ಲಿ ಊರೇ ಸೇರಿತ್ತು. ಉದ್ದುದ್ದ ಮೇಜುಗಳು, ಹುರಿದ ಹಂದಿ ಮಾಂಸ, ಬಟಾಟೆ ಸಲಾಡ್, ಊರ ದ್ರಾಕ್ಷಾರಸ. ನೂರು ವರ್ಷದ ಚಿತ್ರ ತೋರಿಸಿದರು. ಹೊಲಿಗೆ ಯಂತ್ರ ಬಂತು, ಗುಡ್ಡ ಹತ್ತಿದ್ದು ಬಂತು, ನಡುವೆ ನದಿಯ ಮೇಲೆ ಸೂರ್ಯೋದಯವೂ ಬಂತು. ಹೊಗೆಯ ವಿಷಯ ಬರಲಿಲ್ಲ. ಆಮೇಲೆ ಹೆನ್ನಿಂಗ್, ಈಗ ನಿರ್ದೇಶಕ ಮಂಡಳಿಯಲ್ಲಿರುವವನು, ಮೈಕಿನ ಹತ್ತಿರ ಬಂದು, "ನಮ್ಮ ಮನೆಯವನೊಬ್ಬ ದಾರಿ ತಪ್ಪಿ ದೂರ ಹೋಗಿದ್ದ, ಇವತ್ತು ವಾಪಸು ಬಂದಿದ್ದಾನೆ" ಅಂದ.

ಎಗೋನ್ ವೇದಿಕೆ ಹತ್ತಿದ.

"ನಾನು ಎಗೋನ್. ಗೊತ್ತಿರೋರಿಗೆ ಗೊತ್ತು. ಗೊತ್ತಿಲ್ಲದೋರು ಪೇಪರ್‌ನಲ್ಲಿ ನೋಡಿರ್ತೀರ." ಜನ ನಕ್ಕರು. "ಒಂದು ತಪ್ಪು ನಡೀತು. ಯಾರು ಮಾಡಿದ್ದು ಅಂತ ಒಬ್ಬೊಬ್ಬರು ಒಂದೊಂದು ಮಾತಾಡಿದ್ರು. ಇವತ್ತು ನಾನೇ ಹೇಳಿಬಿಡ್ತೀನಿ."

ಹೇಳು, ಹೇಳು ಅಂತ ರೋಸ್ವಿತಾ ಮೇಜಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು.

"ಅದು ನನ್ನ ತಪ್ಪು. ನನ್ನೊಬ್ಬಂದೇ. ಕಂಪನಿಗೆ ಗೊತ್ತಿರ್ಲಿಲ್ಲ. ಡಾಕ್ಟರ್ ಹೆನ್ನಿಂಗ್ ಅವರಿಗೂ ಗೊತ್ತಿರ್ಲಿಲ್ಲ. ನೂರು ವರ್ಷದ ಹೆಸರಿಗೆ ಮಸಿ ಬಳಿದವನು ನಾನು. ಆದ್ರೂ ಇವತ್ತು ಕರೆದು ಜೊತೆಗೆ ಕೂರಿಸ್ಕೊಂಡಿದ್ದೀರಿ."

ಅವನ ದನಿ ಒಡೆಯಿತು. ನಟನೆಯಲ್ಲ, ನಿಜವಾಗಿಯೇ ಒಡೆಯಿತು. ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗೆರ್ಲಿಂಡೆ ಕಣ್ಣೊರೆಸಿಕೊಂಡಳು. ಹೆನ್ನಿಂಗ್ ಅವನ ಕೈಗೆ ಹೊಚ್ಚ ಹೊಸ 'ವರ್ಷದ ಕಾರಿ'ನ ಕೀಲಿ ಕೊಟ್ಟು ಬೆನ್ನು ತಟ್ಟಿದ. "ಬಾರೋ ಎಗೋನ್, ನಿನ್ನ ಕುರ್ಚಿ ಕಾಯ್ತಾ ಇದೆ" ಅಂತ ಎಂಜಿನ್ ವಿಭಾಗದವರ ಮೇಜಿನಿಂದ ಕುರ್ಟ್ ಬೋಪ್ ಕೂಗಿದ. ಎಗೋನ್ ಮಗು ಓಡುವ ಹಾಗೆ ಓಡಿಹೋಗಿ ಕೂತ.

ಹೆನ್ನಿಂಗ್ ಲೋಟ ಹಿಡಿದುಕೊಂಡು ರೋಸ್ವಿತಾಳ ಮೇಜಿಗೇ ಬಂದ. ಅವನ ಹಿಂದೆ ಎಗೋನ್, ಹಿಂದೆ ಆ ಮೇಜಿನವರೆಲ್ಲ.

"ನಿಮಗೂ ಕಷ್ಟ ಆಗಿರ್ಬೇಕು, ಫ್ರಾವ್ ಶಾಯ್ಫೆಲೆ. ಎಲ್ಲ ಮುಗೀತಲ್ಲ ಇವತ್ತಿಗೆ."

ಅವಳು ಎದ್ದು ನಿಂತಳು. ದನಿ ಎತ್ತಲಿಲ್ಲ, ಆದರೆ ಸುತ್ತಲಿನವರಿಗೆಲ್ಲ ಕೇಳಿಸಿತು.

"ಸಾರು ಎರಡು ಸಲ ಹಾಕಿಸ್ಕೊಂಡ್ರಿ ಡಾಕ್ಟರ್. ನನ್ನ ಅಡುಗೆಮನೇಲಿ ಕೂತು, ಪರೀಕ್ಷೇಲಿ ಪಾಸಾಗ್ಬೇಕು, ಹೇಗೆ ಮಾಡ್ತೀಯ ಅಂತ ನನಗೆ ಹೇಳ್ಬೇಡ, ಅಂತ ಇವನಿಗೆ ಹೇಳಿದ್ರಿ. ಒಲೆ ಹತ್ರ ನಿಂತಿದ್ದೆ ನಾನು. ಮಾಡದಿದ್ರೆ ಇನ್ನೊಬ್ಬ ಸಿಗ್ತಾನೆ ಅಂದ್ರಿ. ಇವನು ಮಾಡಿದ. ಮಾಡಿಸಿದವರು ನೀವು."

ಹೆನ್ನಿಂಗ್‌ನ ಕೈಯ ಲೋಟ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಂತಿತು. ಒಂದು ಗಳಿಗೆ, ಒಂದೇ ಗಳಿಗೆ, ಕುರ್ಟ್ ಬೋಪ್ ಕೂಡ ಅವನ ಮುಖವನ್ನು ಸಂಶಯದಿಂದ ನೋಡಿದ. ಇನ್ನೊಂದು ಮಾತು ಸಾಕಿತ್ತು. ಎಗೋನ್ ಹೂಂ ಅಂದಿದ್ದರೆ ಸಾಕಿತ್ತು. ಅವಳು ಗಂಡನ ಕಡೆ ತಿರುಗಿದಳು.

"ನಾನು ಸುಳ್ಳು ಹೇಳ್ತಿದ್ದೀನಾ ಎಗೋನ್?"

ಎಗೋನ್ ಮುಂದೆ ಬಂದು ಅವಳ ಹೆಗಲ ಮೇಲೆ ಕೈ ಹಾಕಿದ. ಬಹಳ ಮೃದುವಾಗಿ ಹಾಕಿದ.

"ತಪ್ಪು ತಿಳ್ಕೋಬೇಡಿ" ಅಂದ, ಅವಳಿಗಲ್ಲ, ಉಳಿದವರಿಗೆ. "ಇವಳಿಗೆ ಈಚೆಗೆ ಸರಿ ಇಲ್ಲ. ನಾನಿಲ್ಲದಾಗ ಮೂರು ವರ್ಷ ಒಬ್ಬಳೇ ಇದ್ಲಲ್ಲ, ಏನೇನೋ ಕಲ್ಪಿಸ್ಕೊಂಡು ಅದನ್ನೇ ನಿಜ ಅಂತ ನಂಬ್ಬಿಟ್ಟಿದ್ದಾಳೆ. ಡಾಕ್ಟರ್ ಯಾವತ್ತೂ ನಮ್ಮನೆಗೆ ಬಂದಿಲ್ಲ."

ಗುಂಪಿನಲ್ಲಿ ಹಿಡಿದಿಟ್ಟಿದ್ದ ಉಸಿರೆಲ್ಲ ಒಟ್ಟಿಗೆ ಹೊರಗೆ ಬಂತು. ಅಯ್ಯೋ ಪಾಪ ಅಂದರು ಯಾರೋ. ಗೆರ್ಲಿಂಡೆ ಹತ್ತಿರ ಬಂದು ಕುರ್ಚಿ ಎಳೆದು, "ಕೂತ್ಕೋ ರೋಸಿ, ಕೂತ್ಕೋ. ಇಷ್ಟು ದಿನ ನಮಗೂ ಗೊತ್ತಾಗ್ಲಿಲ್ಲ ನೋಡು" ಅಂತ ಅವಳ ಕೈ ಸವರಿದಳು. ರೋಸ್ವಿತಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನ ಕಣ್ಣಲ್ಲಿ ಹೆದರಿಕೆ ಇರಲಿಲ್ಲ, ನಾಚಿಕೆ ಇರಲಿಲ್ಲ, ಕಾಯಿಲೆಯ ಹೆಂಡತಿಯ ಮೇಲಿನ ಕನಿಕರವಿತ್ತು.

"ನೀನು ಮನೆಗೆ ಬರ್ತೀಯ ಅಂತ ಕಾದೆ ನಾನು" ಅಂದಳು ಅವನಿಗೆ. "ನೀನು ಬಂದಿರೋದು ಇವರ ಮನೆಗೆ."

"ನೋಡಿದ್ರಾ" ಅಂದ ಎಗೋನ್ ಉಳಿದವರಿಗೆ. "ಹೀಗೇ ಮಾತಾಡ್ತಾಳೆ."

ಹೆನ್ನಿಂಗ್ ಲೋಟ ಮೇಜಿನ ಮೇಲಿಟ್ಟು ಅವನ ಕೈ ಹಿಡಿದ. "ಕಾಡಿನ ಅಂಚಲ್ಲಿ ಕಂಪನಿಯದೇ ಆರೋಗ್ಯಧಾಮ ಇದೆಯಲ್ಲ, ಅಲ್ಲಿ ಒಂದಷ್ಟು ದಿನ ಇರ್ಲಿ. ಒಳ್ಳೆ ವೈದ್ಯರಿದ್ದಾರೆ. ನಾನೇ ಮಾತಾಡ್ತೀನಿ, ನೀನೇನೂ ಯೋಚನೆ ಮಾಡ್ಬೇಡ."

"ತುಂಬಾ ಉಪಕಾರ ಆಯ್ತು ಡಾಕ್ಟರ್" ಅಂದ ಎಗೋನ್. ಆ ಮಾತನ್ನು ಅವನು ಮನಸಾರೆ ಹೇಳಿದ.