ಗಂಟಿಲ್ಲದ ನಕಾಶೆ

ನನ್ನ ಅತ್ತೆ ಚನ್ನಬಸವ್ವ ಯಾರ ಕಸೂತಿಯನ್ನೂ ಮೊದಲು ಮುಂಬದಿಯಿಂದ ನೋಡುತ್ತಿರಲಿಲ್ಲ. ಬಟ್ಟೆ ಕೈಗೆ ಬಂದೊಡನೆ ತಿರುವಿ, ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ನಮ್ಮ ಧಾರವಾಡದ ಕಡೆಯ ಕಸೂತಿಯಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು. ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಗಂಟು ಹಾಕಕೂಡದು. ಎರಡೂ ಬದಿ ಒಂದೇ ಸಮ ಕಾಣಬೇಕು. ಮದುವೆಯಾದ ವರ್ಷ ನಾನು ಕುಪ್ಪಸದ ಕಣಕ್ಕೆ ಹಾಕಿದ್ದ ಆನೆಗಳ ಸಾಲಿನಲ್ಲಿ ಅವರಿಗೆ ಎರಡು ಗಂಟು ಸಿಕ್ಕವು.

"ನಿಮ್ಮವ್ವ ನಿನಗ ಗುಂಡಿ ಹಚ್ಚೂದು ಕಲಿಸ್ಯಾಳ. ಕಸೂತಿ ಕಲಿಸಿಲ್ಲ" ಎಂದು ಕತ್ತರಿ ತಂದು ಇಡೀ ಸಾಲನ್ನೇ ಬಿಚ್ಚಿ ಕೈಗೆ ಕೊಟ್ಟರು.

ಆಮೇಲೆ ನನ್ನ ಗಂಡನಿಗೆ ಪುಣೆಯ ಖಡಕಿಯಲ್ಲಿ ಒಂದು ಕಾರ್ಖಾನೆಯ ಗುಮಾಸ್ತಿಕೆ ಸಿಕ್ಕಿ ಎಲ್ಲರೂ ಅಲ್ಲಿಗೆ ಬಂದೆವು. ಇಪ್ಪತ್ತೆರಡು ವರ್ಷ ಆ ಕತ್ತರಿಯ ಸದ್ದನ್ನು ಕಿವಿಯಲ್ಲಿಟ್ಟುಕೊಂಡೇ ಹೊಲಿದಿದ್ದೇನೆ.

ಪ್ರೇಮಾವತಿ ನಮ್ಮ ಪಡಸಾಲೆಗೆ ಬರತೊಡಗಿದ್ದು ೧೯೭೯ರ ಮಳೆಗಾಲದಲ್ಲಿ. ಅವಳ ತಾಯಿ ಮಾನಮ್ಮ ಭೀಮಾ ದಂಡೆಯ ಒಂದು ಹಳ್ಳಿಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ನಮ್ಮ ಸಾಲುಮನೆಗಳ ಚಾಳಿನ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದಳು. ಮಗಳಿಗೆ ಐದನೇ ವರ್ಷದ ಜ್ವರದಲ್ಲಿ ಕಣ್ಣು ಹೋಗಿದ್ದವು. ಆದರೂ ಹತ್ತಿರದ ಮರಾಠಿ ಶಾಲೆಯಲ್ಲಿ ಎಲ್ಲರ ಜೊತೆ ಏಳನೆಯ ತರಗತಿಯಲ್ಲಿ ಕೂರುತ್ತಿದ್ದಳು. ಸಂಜೆ ತಾಯಿ ಬರುವವರೆಗೆ ನಾನು ಅವಳ ಪಾಠ ಓದಿ ಹೇಳುತ್ತಿದ್ದೆ. ಒಮ್ಮೆ ಕೇಳಿದ್ದನ್ನು ಅವಳು ಮರೆಯುತ್ತಿರಲಿಲ್ಲ. ತೊಡಕಾದದ್ದು ಭೂಗೋಳದ ನಕಾಶೆ ಮಾತ್ರ.

ಒಂದು ಸಂಜೆ ಮಾನಮ್ಮ ಸಿಮೆಂಟಿನ ಕೈ ತೊಳೆಯದೆಯೇ ಬಂದು ಬಾಗಿಲಲ್ಲಿ ಕುಳಿತಳು.

"ಸಾಲಿ ಬಾಯಾರು ಹೇಳ್ಯಾರ್ರಿ ಅಕ್ಕಾರ. ಪರೀಕ್ಷಾದಾಗ ಈಕಿಗಿ ನಕಾಶಿ ಬರಲಿಲ್ಲಂದ್ರ, ದೀಪಾವಳಿ ಆದಮ್ಯಾಗ ದೂರದ ಕುರುಡರ ಸಾಲಿಗೆ ಕಳಸ್ತಾರಂತ. ಅಲ್ಲೇ ಇರಬೇಕಂತ್ರಿ. ವರ್ಷಕ್ಕ ಎರಡ ಸಲ ಮನಿಗಿ ಬಿಡ್ತಾರಂತ."

"ನಾ ಹೋಗಂಗಿಲ್ಲ" ಎಂದಳು ಪ್ರೇಮಾ. ತಾಯಿಯ ಸೆರಗಿನ ತುದಿ ಅವಳ ಮುಷ್ಟಿಯಲ್ಲಿತ್ತು.

ಮರುದಿನ ನಾನು ಒಂದು ತುಂಡು ಖಾಕಿ ಬಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಮಹಾರಾಷ್ಟ್ರ ಬರೆದೆ. ಗೋಣಿಚೀಲ ಹೊಲಿಯುವ ದಪ್ಪ ದಾರ ತೆಗೆದುಕೊಂಡೆ. ಸಮುದ್ರದ ದಂಡೆಗೆ ಜೋಡು ಗೆರೆ, ಹೊಳೆಗಳಿಗೆ ಒಂಟಿ ಗೆರೆ, ಸಹ್ಯಾದ್ರಿಗೆ ತ್ರಿಕೋನಗಳ ಸಾಲು, ಊರುಗಳಿಗೆ ಚೌಕ, ಪುಣೆಗೆ ಮಾತ್ರ ಎಂಟೆಸಳಿನ ಹೂವು. ಹನ್ನೆರಡು ದಿನ ಹಿಡಿಯಿತು. ಮುಗಿದ ದಿನ ಅತ್ತೆ ಬಟ್ಟೆ ತಿರುವಿದರು, ಮತ್ತೆ ತಿರುವಿದರು, ಮತ್ತೊಮ್ಮೆ ತಿರುವಿದರು.

"ಶಿವಬಸವ್ವಾ, ಇದರಾಗ ಹಿಂದ ಯಾವುದು?"

ನಾನು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ದಿನವೂ ಸಂಜೆ ನಕಾಶೆಯನ್ನು ಪ್ರೇಮಾಳ ಮುಂದೆ ಹಾಸುತ್ತಿದ್ದೆ. ಭೀಮೆಯ ಗೆರೆಯ ಮೇಲೆ ಅವಳ ಬೆರಳು ಪಂಢರಪುರ ದಾಟಿ ರಾಜ್ಯದ ಗಡಿಗೆ ಬಂದು, ಅಲ್ಲಿಂದಲೂ ಮುಂದೆ ಹೋಗುತ್ತಿತ್ತು. ಗಡಿಯಾಚೆಗೂ ನಾನು ಆ ಗೆರೆಯನ್ನು ನಾಲ್ಕು ಹೊಲಿಗೆ ಒಯ್ದಿದ್ದೆ.

"ಇದು ನಮ್ಮೂರ ಕಡಿಗಿ ಹೋತೇನ್ರಿ ಕಾಕಿ?"

"ಹೂಂ, ಹೋತು."

ಶುಕ್ರವಾರ ಪರೀಕ್ಷೆ. ಬಟ್ಟೆಯ ನಕಾಶೆ ಮುಟ್ಟಿ ಉತ್ತರ ಹೇಳಬಹುದೆಂದು ಶಾಲೆಯಲ್ಲಿ ಒಪ್ಪಿದ್ದರು. ಸಂಜೆ ಅವಳು ಪಡಸಾಲೆಗೆ ಬರಲಿಲ್ಲ. ನಾನೇ ಶೆಡ್ಡಿಗೆ ಹೋದೆ. ಮೂಲೆಯಲ್ಲಿ ಕುಳಿತಿದ್ದಳು.

"ಪುಣೆಯಿಂದ ಕೊಲ್ಲಾಪುರ ಯಾವ ದಿಕ್ಕಿಗಿ ಅಂತ ಬಾಯಾರು ಕೇಳಿದ್ರು. ಉತ್ತರಕ್ಕ ಅಂದೆ. ಎಲ್ಲಾರೂ ನಕ್ರು. ಅಂಬೇಜೋಗಾಯಿ, ಸೋಲಾಪುರ, ಎಲ್ಲಾ ತಪ್ಪಂತ್ರಿ."

"ಹೆಂಗ ತಪ್ಪಿತವ್ವಾ? ನಿನ್ನೆ ಎಲ್ಲಾ ಸರಿ ಹೇಳಿದ್ಯಲ್ಲ! ತಗಿ, ನಕಾಶಿ ತಗಿ."

ಅವಳು ಚೀಲದಿಂದ ತೆಗೆದು, ತಾನೇ ತೊಡೆಯ ಮೇಲೆ ಹಾಸಿಕೊಂಡಳು. ಸಮುದ್ರ ಎಡಕ್ಕೇ ಇತ್ತು. ಆದರೆ ಬಟ್ಟೆ ಬೋರಲಾಗಿ, ಕೆಳಗಿನ ಕೊಲ್ಲಾಪುರ ಮೇಲಕ್ಕೆ ಹೋಗಿತ್ತು. ಬಾಯಿಯವರು ಗೋಡೆಯ ನಕಾಶೆಯ ಬಳಿ ನಿಂತು ಪ್ರಶ್ನೆ ಕೇಳಿದ್ದರು. ಅವಳ ತೊಡೆಯ ಕಡೆ ಯಾರು ನೋಡುತ್ತಾರೆ?

"ಉಲ್ಟಾ ಹಾಸೀದಿ, ಮಗಾ."

"ನನಗ ಹೆಂಗ ಗೊತ್ತಾಗಬೇಕ್ರಿ ಕಾಕಿ? ಎರಡೂ ಕಡಿ ಒಂದ ಅದಲ್ರಿ." ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. "ಮನ್ಯಾಗ ನೀವ ಹಾಸಿ ಕೊಡ್ತಿದ್ರಿ."

ನಾಚಿಕೆಯಿಂದ ತಲೆ ತಗ್ಗಿಸಿ ಮನೆಗೆ ಬಂದೆ. ಹನ್ನೆರಡು ದಿನವೂ ನಾನು ಹೊಲಿದದ್ದು ಯಾರಿಗೆ? ಆ ಹುಡುಗಿಯ ಬೆರಳಿಗಲ್ಲ, ಅತ್ತೆಯ ಹೆಬ್ಬೆರಳಿಗೆ.

ಶನಿವಾರ ಬೆಳಿಗ್ಗೆಯೇ ಶಾಲೆಗೆ ಹೋಗಿ ಅವಳ ಶಿಕ್ಷಕಿ ಸಾವಿತ್ರಿಬಾಯಿಯವರಿಗೆ ನನಗೆ ಬರುವ ಮರಾಠಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸೋಮವಾರ ಇನ್ನೊಮ್ಮೆ ಕೇಳುತ್ತೇನೆ. ಅದೇ ಕೊನೆ" ಎಂದರು.

ಮನೆಗೆ ಬಂದು ಸೂಜಿಗೆ ದಾರ ಪೋಣಿಸಿದೆ. ಬಲಗಡೆಯ ಮೇಲಿನ ಮೂಲೆ, ಮುಂಬದಿ. ಸೂಜಿ ಚುಚ್ಚಿ ಬಹಳ ಹೊತ್ತು ಹಾಗೇ ಕುಳಿತಿದ್ದೆ. ಕೊನೆಗೆ ಗಂಟು ಹಾಕಿದೆ.

ಅತ್ತೆ ಮಂಚದಿಂದಲೇ ಕಂಡರು. "ಏನವ್ವಾ ಇದು? ಚಂದ ಹೊಲದಿದ್ದಿ, ಗಂಟ್ಯಾಕ ಹಾಕಿದಿ? ನೋಡಿದ ಮಂದಿ ಚನ್ನಬಸವ್ವನ ಸೊಸಿ ಅಂತಾರಲ್ಲ!"

"ಈ ಗಂಟು ಕೈಗೆ ಹತ್ತಿದರ ಆಕಿಗೆ ಮ್ಯಾಲ ಯಾವುದು ಮುಂದ ಯಾವುದು ಅಂತ ತಿಳೀತದ ಅತ್ತಿ. ನಾ ಇದನ್ನ ಬಿಚ್ಚಂಗಿಲ್ಲ."

ಅವರ ಎದುರು ಅಷ್ಟು ಗಟ್ಟಿಯಾಗಿ ಎಂದೂ ಮಾತಾಡಿದವಳಲ್ಲ ನಾನು. ಅವರು ಕೈ ಚಾಚಿದರು. ಕತ್ತರಿ ಅವರ ದಿಂಬಿನ ಬಳಿಯೇ ಇತ್ತು. ಬಟ್ಟೆ ಕೊಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳು ಮೂಲೆಯಿಂದ ಮೂಲೆಗೆ ನಿಧಾನವಾಗಿ ಹುಡುಕಿತು. ಒಮ್ಮೆ ಗಂಟನ್ನು ದಾಟಿಯೇ ಹೋಯಿತು.

"ಇಷ್ಟು ಸಣ್ಣದು ಎಲ್ಲಿ ಹತ್ತತದ?" ಎಂದು ಬಟ್ಟೆಯನ್ನು ಮರಳಿ ಕೊಟ್ಟರು. "ಎರಡೆಳಿ ಮಾಡಿ ಹಾಕು."

ಸೋಮವಾರ ನಾನು ತರಗತಿಯ ಹೊರಗೆ ಕಿಟಕಿಯ ಬಳಿ ನಿಂತಿದ್ದೆ. ಸಾವಿತ್ರಿಬಾಯಿ ಪ್ರೇಮಾಳ ಕೈಯಿಂದ ನಕಾಶೆ ತೆಗೆದುಕೊಂಡರು, ಸದ್ದಿಲ್ಲದೆ ಬೋರಲು ಮಾಡಿ ಅವಳ ಮುಂದೆ ಹಾಸಿದರು. ನನಗೆ ಕೂಗಬೇಕೆನಿಸಿತು. ಪ್ರೇಮಾಳ ಬಲಗೈ ಮೇಲಿನ ಮೂಲೆಗೆ ಹೋಯಿತು, ಅಲ್ಲೇ ಸುತ್ತಾಡಿತು, ನಿಂತಿತು.

"ಬಾಯೀ, ಇದು ಉಲ್ಟಾ ಅದೆ" ಎಂದಳು ಮರಾಠಿಯಲ್ಲಿ. ತಾನೇ ತಿರುವಿ ಹಾಸಿದಳು, ಗಂಟನ್ನು ಮುಟ್ಟಿ ನೋಡಿ, "ಹಾಂ, ಈಗ ಕೇಳಿ" ಎಂದಳು.

ಹುಡುಗಿಯರು ನಕ್ಕರು. ಈ ಸಲ ಬಾಯಿಯವರೂ ನಕ್ಕರು. ಆಮೇಲೆ ಒಂಬತ್ತು ಊರು, ನಾಲ್ಕು ಹೊಳೆ ಕೇಳಿದರು. ಒಂದು ಊರು ಮಾತ್ರ ತಪ್ಪಿತು.

ದೀಪಾವಳಿ ಮುಗಿದ ಮೇಲೂ ಅವಳು ಅದೇ ಬೆಂಚಿನಲ್ಲಿ ಕುಳಿತಳು. ಭಾರತದ ನಕಾಶೆ ಬೇಕೆಂದು ಸಾವಿತ್ರಿಬಾಯಿ ಹೇಳಿ ಕಳಿಸಿದರು. ನಾನು ದೊಡ್ಡ ಬಟ್ಟೆ ಹಾಸಿ, ದಾರವನ್ನು ಎರಡೆಳೆ ಮಾಡಿ, ಮೊದಲು ಮೂಲೆಯಲ್ಲಿ ಗಂಟು ಹಾಕಿಕೊಂಡೆ.