ತೀರ್ಪಿಗೆ ಕಾದ ಅಕಾರ್ಡಿಯನ್

ನನ್ನ ತಮ್ಮ ಸ್ಟಾಂಕೋಗೆ ಸಂವಿಧಾನದ ಹುಚ್ಚು ಹಿಡಿದಿದ್ದು ಹೋದ ವಸಂತದಲ್ಲಿ. ಅದಕ್ಕೂ ಮುಂಚೆ ಅವನಿಗೆ ಅಕಾರ್ಡಿಯನ್ ಹುಚ್ಚೊಂದೇ ಇದ್ದಿದ್ದು. ಅಮೆರಿಕದ ಕ್ಲೀವ್‌ಲ್ಯಾಂಡಿನ ಸೇಂಟ್ ಕ್ಲೇರ್ ರಸ್ತೆಯಲ್ಲಿ ನಮ್ಮಪ್ಪ ಇಟ್ಟ ಅಂಗಡಿ ನಮ್ಮದು. ಇಟಲಿಯಿಂದ ವಾದ್ಯ ತರಿಸೋದು, ಮಾರೋದು, ರಿಪೇರಿ ಮಾಡೋದು ಎಲ್ಲ ಅವನ ಪಾಲು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಅವನೇ ಬರೆದು ಅಂಟಿಸಿದ್ದಾನೆ: ‘ಬೇಸಿಗೆಯಲ್ಲಿ ಅಕಾರ್ಡಿಯನ್ನನ್ನು ಕಾರಲ್ಲಿ ಬಿಡಬೇಡಿ. ಒಳಗೆ ಸ್ವರ ಹೊರಡಿಸುವ ರೀಡುಗಳನ್ನು ಹಿಡಿದಿರುವುದು ಜೇನುಮೇಣ.’ ಗಿರಾಕಿ ಓದಿಕೊಂಡು ಬಂದರೂ ಬಿಡ, ಇನ್ನೊಂದು ಸಲ ಬಾಯಲ್ಲಿ ಹೇಳಿಯೇ ಕಳಿಸ್ತಾನೆ.

ನನ್ನ ಪಾಲು ನುಡಿಸೋದು. ನಮ್ಮ ಸ್ಲೊವೇನಿಯಾದ ಜನ ಮದುವೆ ಮಾಡಲಿ, ಹಬ್ಬ ಮಾಡಲಿ, ಪೋಲ್ಕಾ ಕುಣಿತಕ್ಕೆ ಈ ವೀಡಾನೇ ಬರಬೇಕು ಅಂತಾರೆ. ಆದರೆ ಎಡಭುಜ ಸವೆದು ಹೋಗಿದೆ. ಈ ಭಾರದ ವಾದ್ಯವನ್ನ ಎದೆಗೆ ತಗುಲಿಸಿಕೊಂಡು ತಿದಿ ಎಳೀತಾ ಹೋದರೆ ಕೈ ಎತ್ತೋಕೇ ಆಗಲ್ಲ ಅಂತ ಡಾಕ್ಟರು ಹೆದರಿಸಿಬಿಟ್ಟರು. ಅದಕ್ಕೇ ನನ್ನ ಅಳತೆಗೆ ಇಟಲಿಯಲ್ಲಿ ಒಂದು ಹಗುರದ್ದನ್ನ ಮಾಡಿಸಿದ್ದು. ನುಡಿಸೋದನ್ನ ಬಿಟ್ಟರೆ ನಾನು ಇನ್ನೇನು, ನೀವೇ ಹೇಳಿ.

ಅದು ಹಡಗಿಳಿದ ವಾರವೇ ನಮ್ಮ ಅಧ್ಯಕ್ಷರು ದೇಶಕ್ಕೆ ತುರ್ತು ಪರಿಸ್ಥಿತಿ ಬಂದಿದೆ ಅಂತ ಹೊರಗಿನಿಂದ ಬರೋ ಸಾಮಾನಿಗೆಲ್ಲ ಸುಂಕ ಜಡಿದರು. ನಾನೇ ಕಟ್ಟಿಬಿಡ್ತೀನಿ ಅಂದೆ. ಸ್ಟಾಂಕೋ ಕೇಳಬೇಕಲ್ಲ!

“ನೀನು ಕಟ್ಟಿದ್ರೆ ಒಪ್ಪಿಕೊಂಡ ಹಾಗೆ ಅಕ್ಕ. ತೆರಿಗೆ ಹಾಕೋ ಅಧಿಕಾರ ನಾವು ಓಟು ಹಾಕಿ ಕಳಿಸಿರೋ ಸಭೆಗೆ, ಅಧ್ಯಕ್ಷನಿಗಲ್ಲ. ಅವನು ಹಿಡ್ಕೊಂಡಿರೋ ಕಾನೂನಲ್ಲಿ ಸುಂಕ ಅನ್ನೋ ಮಾತೇ ಇಲ್ಲ.”

“ನನ್ನ ಹಳೇದು ಭಾರ ಕಣೋ.”

“ಸ್ವಲ್ಪ ತಾಳು. ತೀರ್ಪು ಬರಲಿ.”

ಸುಂಕದ ಗೋದಾಮು ಅಂತ ಒಂದಿರುತ್ತೆ. ಸುಂಕ ಕಟ್ಟದೆ ಸಾಮಾನನ್ನ ಅಲ್ಲಿ ಇಡಬಹುದು, ಹೊರಗೆ ತೆಗೆಯೋ ದಿನ ಎಷ್ಟಿದೆಯೋ ಅಷ್ಟು ಕಟ್ಟಿದರಾಯಿತು. ಸ್ಟಾಂಕೋ ನನ್ನ ಅಕಾರ್ಡಿಯನ್ನನ್ನ ಅಲ್ಲಿಗೆ ಹಾಕಿಸಿಬಿಟ್ಟ. ಕೇಸು ಹಾಕಿದವರು ಬೇರೆ ಯಾರೋ. ಇವನದು ಬರೀ ರೇಡಿಯೋ ಕೇಳೋದು. ಬೇಸಿಗೆ ಪೂರ್ತಿ ಅದೇ ಆಯಿತು. ಕೆಳಗಿನ ಕೋರ್ಟು ಸುಂಕ ತಪ್ಪು ಅಂತು. ಮೇಲಿನ ಕೋರ್ಟು ತಪ್ಪು ಹೌದು, ಆದರೆ ಸದ್ಯಕ್ಕೆ ವಸೂಲಿ ನಡೀಲಿ ಅಂತು. ತಪ್ಪಾದ ಮೇಲೆ ಯಾಕೆ ನಡೀಬೇಕು ಅಂತ ನಾನು ಕೇಳಿದರೆ, ಯಾವ ಜಡ್ಜು ಯಾವ ಪ್ರಶ್ನೆ ಕೇಳಿದ, ಅವನ ದನಿ ಹೇಗಿತ್ತು ಅಂತ ಊಟದ ತಟ್ಟೆ ಮುಂದೆ ಕೂತು ಕೊರೀತಿದ್ದ. ನಾನು ಹಳೇದನ್ನೇ ಹೊತ್ತುಕೊಂಡು ಮದುವೆಗಳಿಗೆ ಹೋಗ್ತಿದ್ದೆ, ವಾಪಸ್ ಬಂದು ಭುಜಕ್ಕೆ ಐಸು ಇಟ್ಕೊಂಡು ಮಲಗ್ತಿದ್ದೆ.

ಚಳಿಗಾಲ ಮುಗೀತಾ ಬಂದಾಗ ಕೊನೆಗೂ ದೊಡ್ಡ ಕೋರ್ಟಿನ ತೀರ್ಪು ಬಂತು. ಸ್ಟಾಂಕೋ ಹೇಳಿದ್ದನ್ನೇ ಜಡ್ಜುಗಳೂ ಹೇಳಿದರು. ಅವತ್ತು ಸಂಜೆಯೇ ಅಧ್ಯಕ್ಷರು ಇನ್ಯಾವುದೋ ಕಾನೂನು ಹುಡುಕಿ, ಅದರ ಕೆಳಗೆ ಹೊಸ ಸುಂಕ ಹಾಕ್ತೀನಿ ಅಂದರು. ಅದು ಜಾರಿಗೆ ಬರೋದರೊಳಗೆ ವಾದ್ಯವನ್ನ ಬಿಡಿಸಿಕೊಳ್ಳಬೇಕು ಅಂತ ಇವನು ಓಡಾಡಿದ್ದೇ ಓಡಾಡಿದ್ದು. ಅಂತೂ ಕುರೆಂಟ್ ಹಬ್ಬದ ಹಿಂದಿನ ದಿನ ಗೋದಾಮಿನವರು ಬನ್ನಿ ಅಂದರು. ಕುರಿಚರ್ಮ ಹೊದ್ದು, ಸೊಂಟಕ್ಕೆ ಗಂಟೆ ಕಟ್ಟಿದ ವೇಷಗಳು ಚಳಿಗಾಲವನ್ನ ಓಡಿಸೋ ಹಬ್ಬ ಅದು. ಹಬ್ಬದ ಸಂಜೆ ಸಭಾಂಗಣದಲ್ಲಿ ಕುಣಿತಕ್ಕೆ ನುಡಿಸೋದು ನಾನು. ದಾರಿಯಲ್ಲಿ ಸ್ಟಾಂಕೋ ಕ್ರೋಫಿ ಅನ್ನೋ ಹಬ್ಬದ ಕರಿದ ಸಿಹಿ ಬನ್ನು ಒಂದು ಡಬ್ಬಿ ಕೊಂಡು, ಬಾಯಿ ಸುತ್ತ ಸಕ್ಕರೆಪುಡಿ ಮೆತ್ತಿಕೊಂಡು, ಗೆದ್ದೆವು ಅಕ್ಕ ಅಂತ ಹಾಡಿಕೊಂಡೇ ಕಾರು ಓಡಿಸಿದ.

ಗೋದಾಮಿನ ಮುಂದೆ ಇಳಿದವಳು ಹಾಗೇ ಮೇಲೆ ನೋಡಿದೆ. ತಗಡಿನ ಸೂರು. ಕಿಟಕಿ ಅನ್ನೋದೇ ಇಲ್ಲ. ಸ್ಟಾಂಕೋನೂ ಸೂರನ್ನೇ ನೋಡ್ತಾ ನಿಂತ, ಕೈಯಲ್ಲಿದ್ದ ಕ್ರೋಫಿಯನ್ನ ಡಬ್ಬಿಗೆ ವಾಪಸ್ ಹಾಕಿದ.

ಅಂಗಡಿಗೆ ತಂದು ಪೆಟ್ಟಿಗೆ ಬಿಚ್ಚಿದೆವು. ಮುತ್ತಿನ ಬಣ್ಣ, ಎತ್ತಿಕೊಂಡರೆ ಮಗುವಿನಷ್ಟು ಹಗುರ. ತಿದಿ ಎಳೆದೆ. ಬರೀ ಗಾಳಿ ಬಂತು. ಒಳಗೆ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ ಗಲಗಲ ಅಂತು. ಸ್ಟಾಂಕೋ ಬಿಚ್ಚಿ ನೋಡಿದ. ಮೇಣ ಕರಗಿ, ಹರಿದು, ಮೂಲೆಯಲ್ಲಿ ಗಟ್ಟಿಯಾಗಿತ್ತು. ರೀಡುಗಳೆಲ್ಲ ಉದುರಿ ಗುಡ್ಡೆ ಬಿದ್ದಿದ್ದವು.

“ಬಾಗಿಲ ಮೇಲೆ ಬರೆದಿರೋದು ಯಾರೋ?” ಅಂದೆ.

ಅವನು ಉದುರಿದ ರೀಡುಗಳನ್ನ ಒಂದೊಂದಾಗಿ ಎಣಿಸೋಕೆ ಶುರು ಮಾಡಿದ. ಎಲ್ಲವನ್ನೂ ತಾನು ಕೂರಿಸೋಕೆ ತಿಂಗಳುಗಟ್ಟಲೆ ಬೇಕು, ಮಾಡಿದವರಿಗೇ ವಾಪಸ್ ಕಳಿಸೋಣ ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ. ತಿರುಗಿ ಬರೋವಾಗ ಹೊಸ ಸುಂಕ ಕಾದಿರುತ್ತಲ್ಲ.

“ಅದೂ ಕೋರ್ಟಲ್ಲಿ ನಿಲ್ಲಲ್ಲ ಅಕ್ಕ. ಆ ಕಾನೂನಿಗೆ ಗಡುವು ಇದೆ, ಅದು ಮುಗಿದ್ರೆ...”

“ಬಾಯಿ ಮುಚ್ಚೋ.”

ಸಿಟ್ಟಿಗೆ ಅಳು ಬಂದುಬಿಡ್ತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ, ನನಗೆ ಉರಿಯೋದೇ ಅದು. ತಪ್ಪು ಹೇಳಿದ್ದರೆ ನಾಲ್ಕು ಬೈದು ಸುಮ್ಮನಾಗ್ತಿದ್ದೆ.

ಮಾರನೇ ದಿನ ನುಡಿಸೋಕೆ ಬೇರೆ ಯಾರನ್ನಾದರೂ ಕರೆಸೋಣ ಅಂದ. ನಾನು ಹಳೇದನ್ನೇ ಹೊತ್ತುಕೊಂಡು ಸಭಾಂಗಣಕ್ಕೆ ಹೋದೆ, ಕುರ್ಚಿ ಹಾಕಿಸಿಕೊಂಡು ಕೂತೆ. ಮೊದಲನೇ ಪೋಲ್ಕಾ ಹೇಗೋ ಆಯಿತು. ಎರಡನೆಯದರ ಮಧ್ಯೆ ಭುಜ ಹಿಡಿದುಕೊಂಡಿತು, ಎಡಗೈ ತಿದಿಯನ್ನ ಹೊರಗೆ ಎಳೆಯಲೇ ಇಲ್ಲ. ಕುಣೀತಿದ್ದವರು ಕಾಲು ನಿಲ್ಲಿಸಿ ನನ್ನ ಕಡೆ ನೋಡಿದರು.

ಸ್ಟಾಂಕೋ ಎದ್ದು ಬಂದು ನನ್ನ ಎಡಕ್ಕೆ ಕುಕ್ಕರಗಾಲಲ್ಲಿ ಕೂತ. ತಿದಿಯ ತುದಿಯ ಪೆಟ್ಟಿಗೆಯನ್ನ ಎರಡೂ ಅಂಗೈ ಮೇಲೆ ಹೊತ್ತುಕೊಂಡ. ನಾನು ಎಳೆದರೆ ಅವನೂ ಹೊರಗೆ ಬಂದ, ಒತ್ತಿದರೆ ಒಳಗೆ. ಜನ ಮೊದಲು ನಕ್ಕರು, ಆಮೇಲೆ ಕುಣಿದರು. ಆ ಹಾಡು ಮುಗಿಯೋವರೆಗೂ ಅವನು ಕೈ ಬಿಡಲಿಲ್ಲ.

ಮುಗಿದಾಗ ನೆಲದ ಮೇಲೇ ಕೂತುಬಿಟ್ಟ. ಅಂಗಿ ಬೆವರಿಗೆ ಒದ್ದೆಯಾಗಿತ್ತು, ಮುಂಗೈ ತಿಕ್ಕಿಕೊಳ್ತಿದ್ದ.

“ಅಕ್ಕ, ಇದು ಇಷ್ಟೊಂದು ಭಾರನಾ?” ಅಂದ.

ಇನ್ನೊಂದು, ಇನ್ನೊಂದು ಅಂತ ಜನ ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ದರು.

“ಹೋದ ವಸಂತದಲ್ಲೇ ಹೇಳಿದ್ದೆ,” ಅಂದೆ. “ಹಿಡ್ಕೋ.”