ಹದಿಮೂರರ ಎರಡನೇ ಉತ್ತರ

ತಂಗಿಗೆ ಕಾಲೇಜಿನ ಕಾಯಂ ಕೆಲಸಕ್ಕೆ ಸಂದರ್ಶನದ ಕರೆ ಬಂದಿದೆ ಎಂದು ಕೇಳಿದಾಗ, ಹಾಲು ಕುಡಿದಷ್ಟು ಸಂತೋಷವಾಯಿತು ಎಂದಳು ಅಕ್ಕ. ಶುದ್ಧ ಸುಳ್ಳು. ಹೊಟ್ಟೆಯೊಳಗೆ ಒಲೆಯೇ ಹೊತ್ತಿಕೊಂಡಿತ್ತು. ಅದೇ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ತಾತ್ಕಾಲಿಕವಾಗಿ ಗಣಿತ ಪಾಠ ಮಾಡುತ್ತಿದ್ದವಳು ಅವಳು. ತಾನೂ ಅರ್ಜಿ ಹಾಕಿದ್ದರೂ ಕರೆ ಬರಲಿಲ್ಲ. ತಂಗಿಗೆ ಮಗ್ಗಿಯಿಂದ ಹಿಡಿದು ಎಲ್ಲ ಕಲಿಸಿದವಳೂ ಅವಳೇ. ಏಣಿಯಾದವರು ನೆಲದಲ್ಲೇ ಇರಬೇಕು ತಾನೇ!

ಸಂದರ್ಶನದಲ್ಲಿ ತಂಗಿ ಮಂಡಿಸಬೇಕಿದ್ದ ಪ್ರಬಂಧದ ವಿಷಯ ಕೇಳಲು ಸುಲಭ. ಎರಡನ್ನು ಎರಡರಿಂದಲೇ ಗುಣಿಸುತ್ತ ಹೋಗಿ, ಮೂರನ್ನು ಮೂರರಿಂದಲೇ ಗುಣಿಸುತ್ತ ಹೋಗಿ; ಮೊದಲ ಸಾಲಿನ ಸಂಖ್ಯೆಯಲ್ಲಿ ಎರಡನೇ ಸಾಲಿನದನ್ನು ಕಳೆದರೆ ಐದು ಎಷ್ಟು ಸಲ ಬರುತ್ತದೆ? ಎರಡೇ ಸಲ: ಎಂಟರಲ್ಲಿ ಮೂರು ಕಳೆದರೆ, ಮೂವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ. ಹೀಗೆ ನೂರರವರೆಗಿನ ಪ್ರತಿ ಸಂಖ್ಯೆಗೂ ಉತ್ತರಗಳನ್ನು ಎಣಿಸಿ, ಬೇರೆ ಇಲ್ಲವೇ ಇಲ್ಲ ಎಂದು ಸಾಧಿಸಿ ಪಟ್ಟಿ ಮಾಡಿದ್ದಳು.

ಚಿಕ್ಕಂದಿನಿಂದ ಅವರದೊಂದು ಕಟ್ಟಳೆ. ಒಬ್ಬಳು ಬರೆದದ್ದಕ್ಕೆ ಇನ್ನೊಬ್ಬಳು ಸಾಲು ಸಾಲಾಗಿ ನೋಡಿ, ಸರಿಯಿದ್ದಲ್ಲಿ ಕೆಂಪು ಗುರುತು ಹಾಕಬೇಕು. ಗುರುತು ಬಿದ್ದ ಸಾಲನ್ನು ಬರೆದವಳು ಮತ್ತೆ ನೋಡುವಂತಿಲ್ಲ.

ಊಟದ ಮೇಜಿನ ಮೇಲೆ ಪಟ್ಟಿ ಹರಡಿಕೊಂಡ ಅಕ್ಕ ಹದಿಮೂರಕ್ಕೆ ಬಂದಳು. ಹದಿನಾರರಲ್ಲಿ ಮೂರು, ಒಂದೇ ಉತ್ತರ ಎಂದಿತ್ತು. ಆದರೆ ಇನ್ನೂರ ಐವತ್ತಾರರಲ್ಲಿ ಇನ್ನೂರ ನಲವತ್ತಮೂರು ಕಳೆದರೂ ಹದಿಮೂರೇ. ಬೇರೆ ಉತ್ತರ ಇಲ್ಲವೆಂದು ಸಾಧಿಸಲು ಭಾಗಿಸಿ ಶೇಷ ನೋಡುವಾಗ ತಂಗಿ ಒಂದು ಸಂದರ್ಭವನ್ನೇ ಬಿಟ್ಟಿದ್ದಳು. ಮಾತು ನಾಲಿಗೆಯ ತುದಿಗೆ ಬಂತು.

"ಸರಿ ಇದೆಯಾ ಅಕ್ಕಾ?" ಅಡುಗೆಮನೆಯಿಂದ ತಂಗಿ ಕೇಳಿದಳು.

"ಹ್ಞೂಂ, ಸರಿ ಇದೆ ಕಣೇ," ಎಂದು ಅಕ್ಕ ಗುರುತು ಹಾಕಿದಳು. ಆಮೇಲೆ ತಂಗಿಯ ಸಂದರ್ಶನದ ಬಟ್ಟೆಗೆ ತಾನೇ ಇಸ್ತ್ರಿ ಮಾಡಿಕೊಟ್ಟಳು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದರೆ ಇದೇ.

ಸಂದರ್ಶನದ ಉಪನ್ಯಾಸಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಅಕ್ಕ ಕೊನೆಯ ಬೆಂಚಿನಲ್ಲಿ ಕೂತಳು. ಪರೀಕ್ಷಕರಲ್ಲಿ ಹಿರಿಯರೊಬ್ಬರು ಪಟ್ಟಿಯ ಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಂತರು.

"ಹದಿಮೂರಕ್ಕೆ ಒಂದೇನಾ? ಇನ್ನೊಂದ್ಸಲ ನೋಡ್ತೀರೇನಮ್ಮಾ?"

ತಂಗಿ ಪಟ್ಟಿಯ ಕಡೆ ತಿರುಗಲೂ ಇಲ್ಲ. "ಬೇಕಾಗಿಲ್ಲ ಸರ್. ಅದನ್ನ ನಮ್ಮಕ್ಕ ನೋಡಿದಾಳೆ."

"ತಿದ್ದಿಕೊಳ್ಳೋಕೆ ಅವಕಾಶ ಕೊಡ್ತಿದೀನಿ."

"ನಾನು ತಪ್ಪಬಹುದು ಸರ್. ಅವಳು ತಪ್ಪೋಳಲ್ಲ."

ಹಿರಿಯರು ಪೆನ್ನು ಮುಚ್ಚಿ ಕೆಳಗಿಟ್ಟರು. ಅಕ್ಕನಿಗೆ ಬೇಕಾಗಿದ್ದದ್ದು ಇದೇ ತಾನೇ? ಇನ್ನು ಐದು ನಿಮಿಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರೆ ಆಗಿತ್ತು. ಆಗಲಿಲ್ಲ. ಎದ್ದು ಹೋಗಿ ಹಲಗೆಯ ಮೇಲೆ ಇನ್ನೂರ ಐವತ್ತಾರು, ಅದರ ಕೆಳಗೆ ಇನ್ನೂರ ನಲವತ್ತಮೂರು ಬರೆದಳು.

"ತಪ್ಪು ನಂದು ಸರ್. ಅವಳು ಕೇಳಿದ್ಲು, ನಾನೇ ಸರಿ ಇದೆ ಅಂದೆ."

ತಂಗಿ ಹಲಗೆ ನೋಡಿದಳು. ತನ್ನ ಕೆಲಸದ ಚಿಂತೆ ಬಿಟ್ಟು ಅಕ್ಕನಿಗೇ ಸಮಾಧಾನ ಹೇಳಿದಳು. "ಹೋಗ್ಲಿ ಬಿಡಕ್ಕಾ, ಈಗಾದ್ರೂ ಹೊಳೀತಲ್ಲ. ಒಂದೊಂದ್ಸಲ ಕಣ್ತಪ್ಪುತ್ತೆ."

"ಕಣ್ತಪ್ಪಲಿಲ್ಲ ಕಣೇ," ಎಂದಳು ಅಕ್ಕ. "ಅವತ್ತೇ ಕಂಡಿತ್ತು."